ತಿರಿಯೋನಮ್ಮನ ತಿಪ್ಪೆ

ಫ್ರಾನ್ಸಿನ ಪೂರ್ವದಂಚಿನ ನಮ್ಮ ಲೊರೇನ್ ಸೀಮೆಯ ಬಗ್ಗೆ ಪುಸ್ತಕ ಬರೆದವರಿಗೆ ಲೆಕ್ಕವಿಲ್ಲ. ಅವರಲ್ಲಿ ಒಬ್ಬನೇ ಒಬ್ಬ ಇಲ್ಲಿ ಒಂದು ಪೂರ್ತಿ ಚಳಿಗಾಲ ಕಳೆದಿದ್ದರೆ ನನ್ನ ಕಿವಿ ಕತ್ತರಿಸಿ ಕೊಡುತ್ತೇನೆ. ಸ್ವೀಡನ್ನಿನವರು ನಮ್ಮ ಹೊಲ ತುಳಿದರು, ಪ್ರಷ್ಯದವರು ತುಳಿದರು, ನಮ್ಮವರೇ ಎನಿಸಿಕೊಂಡವರು ಎಲ್ಲರಿಗಿಂತ ಚೆನ್ನಾಗಿ ತುಳಿದರು. ಅವರ ಹಿಂದೆಯೇ ಮಸಿಕುಡಿಕೆ ಹಿಡಿದುಕೊಂಡು ಈ ಬರಹಗಾರರು ಬಂದರು. ಸಿಪಾಯಿಗಳು ಕೋಳಿ ಕದಿಯುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. ಇವರು ಮನುಷ್ಯರನ್ನು ಕದಿಯುತ್ತಾರೆ. ನಮ್ಮ ಮಾರ್ವೆಕೂರಿನ ಲಿಬೇರ್ ತಿರಿಯೋನಳನ್ನು ಒಬ್ಬ ಹಾಗೆ ಕದ್ದುಕೊಂಡು ಹೋದ. ಅವಳು ಮಾತ್ರ ಕದ್ದುಹೋದದ್ದು ತಿಳಿಯದೆ ಸಗಣಿ ಬಾಚುತ್ತ ಇಲ್ಲೇ ಇದ್ದಳು.

ನಾನು ಝೆಲಿ, ಅವಳ ಪಕ್ಕದ ಮನೆಯವಳು. ಎರಡು ಮನೆಗೂ ಗೋಡೆ ಒಂದೇ. ಅವಳು ಒಲೆಯ ಮೇಲೆ ಬಾಣಲೆ ಇಟ್ಟ ಸದ್ದಿಗೇ ಇವತ್ತು ಆಲೂಗಡ್ಡೆಯೋ ಹಂದಿಕೊಬ್ಬೋ ಎಂದು ಹೇಳಬಲ್ಲೆ. ಆದ್ದರಿಂದ ಅವಳ ಕತೆ ಹೇಳುವ ಹಕ್ಕು ಪ್ಯಾರಿಸ್ಸಿನ ಯಾವ ದೊಡ್ಡಮನುಷ್ಯನಿಗಿಂತ ನನಗೆ ಹೆಚ್ಚು ಎಂದು ನಾನು ತಿಳಿದಿದ್ದೇನೆ.

ಲಿಬೇರ್ ತಿರಿಯೋನರ ಮನೆಗೆ ಸೊಸೆಯಾಗಿ ಬಂದಾಗ ಊರಿನವರು ಅವಳ ಮುಖ ನೋಡಲಿಲ್ಲ, ಕೈ ನೋಡಿದರು. ಯಾಕೆಂದರೆ ತಿರಿಯೋನರ ತಿಪ್ಪೆ ನಮ್ಮೂರಲ್ಲೇ ದೊಡ್ಡದು. ನಮ್ಮ ಕಡೆ ಮನೆಬಾಗಿಲಿನಿಂದ ಬೀದಿಯವರೆಗಿನ ಅಂಗಳ ಕಾಗದದ ಮೇಲೆ ಊರಿನದು, ಬಳಕೆಯಲ್ಲಿ ಆಯಾ ಮನೆಯವರದು. ಸೌದೆ, ನೇಗಿಲು, ಗಾಡಿ ಎಲ್ಲ ಅಲ್ಲೇ. ನಡುಮಧ್ಯೆ ತಿಪ್ಪೆ. ತಿಪ್ಪೆ ಎತ್ತರವಿದ್ದರೆ ಕೊಟ್ಟಿಗೆ ತುಂಬಿದೆ ಎಂದರ್ಥ. ಹೆಣ್ಣು ಕೇಳಲು ಬಂದವರು ಮೊದಲು ತಿಪ್ಪೆಯ ಸುತ್ತ ಒಂದು ಸುತ್ತು ಬಂದು, ಆಮೇಲೆ ಟೋಪಿ ತೆಗೆದು ಒಳಗೆ ಬರುತ್ತಿದ್ದರು. ಅಂಥ ಮನೆಗೆ ಬಂದ ಲಿಬೇರ್ ಒಂದೇ ವರ್ಷದಲ್ಲಿ ಅತ್ತೆಯ ಬಾಯಿ ಕಟ್ಟಿಹಾಕಿದಳು. ಅಂಚಿನ ಹುಲ್ಲನ್ನು ಹೆಣ್ಣುಮಗುವಿನ ಜಡೆ ಹೆಣೆದ ಹಾಗೆ ಹೆಣೆದು, ನಾಲ್ಕು ಮೂಲೆ ನೇರ ಮಾಡಿ, ಬದಿಗಳನ್ನು ಬಾಚಿ, ತಿಪ್ಪೆಯನ್ನು ಅಲಂಕಾರದ ಪೆಟ್ಟಿಗೆಯಂತೆ ಇಟ್ಟಳು. ಮುಂದೆ ಮೇಯರ್ ಆದ ಮಾಂಜೋನ ಹೆಂಡತಿ ಕ್ಲೊಟಿಲ್ದ್, ಎದುರು ಸಾಲಿನವಳು, ಅದನ್ನು ಕಂಡು ಹೊಟ್ಟೆಕಿಚ್ಚಿಗೆ ಮೂಗು ಮುಚ್ಚಿಕೊಂಡು ಓಡಾಡಲು ಶುರುಮಾಡಿದಳು. ಅವಳ ಮನೆ ತಿಪ್ಪೆಯೇನು ಗುಲಾಬಿ ಅತ್ತರು ಸೂಸುತ್ತಿತ್ತೇ?

ಕಳ್ಳತನ ನಡೆದದ್ದು ಆ ದಿನಗಳಲ್ಲಿ. ಸಾವಿರದೆಂಟುನೂರ ಎಪ್ಪತ್ತರ ಯುದ್ಧದಲ್ಲಿ ಸೋತ ನಮ್ಮ ಸರ್ಕಾರದವರು ಸೀಮೆಯ ಅರ್ಧವನ್ನು ಜರ್ಮನರಿಗೆ ಬಿಟ್ಟುಕೊಟ್ಟಿದ್ದರು. ನಮ್ಮೂರ ಪೂರ್ವಕ್ಕೆ ಹರಿಯುವ ಸೇಯ್ ಹೊಳೆಯೇ ಗಡಿ. ಹೊಳೆಯೆಂದರೆ ಹೊಳೆಯೂ ಅಲ್ಲ, ಬಾತುಕೋಳಿಗಳು ಬೇಜಾರಾದಾಗ ನಡೆದು ದಾಟುತ್ತಿದ್ದವು. ಪ್ಯಾರಿಸ್ಸಿನವರ ಪ್ರಕಾರ ಆಚೆ ದಡದಲ್ಲಿ ನಮ್ಮ ಅಕ್ಕತಂಗಿಯರು ಸೆರೆಯಲ್ಲಿ ನರಳುತ್ತಿದ್ದರು. ಲಿಬೇರಳ ಸೋದರತ್ತೆ ಬಾರ್ಬ್ ಆಚೆ ದಡದವಳೇ. ಎರಡಾಳು ದಪ್ಪದ ಆ ಹೆಂಗಸು ಭಾನುವಾರ ಬಿಡದೆ ಸಾಸೇಜು ಹೊತ್ತುಕೊಂಡು ಈಚೆಗೆ ಬರುತ್ತಿದ್ದಳು, ನಾವು ಅಗ್ಗದ ತಂಬಾಕಿಗೆ ಆಚೆಗೆ ಹೋಗುತ್ತಿದ್ದೆವು. ಗಡಿಕಾವಲಿನವನು ಒಂದು ಲೋಟ ಹಣ್ಣಿನ ಸಾರಾಯಿ ಕುಡಿದು ಮೋಡ ನೋಡುತ್ತಿದ್ದ. ಇದು ನಮ್ಮ ನರಳಾಟ.

ಆ ಸಂಜೆ ಲಿಬೇರ್ ತಿಪ್ಪೆ ಮಗುಚುತ್ತಿದ್ದಳು, ನಾನು ನನ್ನ ಹೊಸಿಲ ಮೇಲೆ ಕೂತು ಹುರುಳಿಕಾಯಿ ಬಿಡಿಸುತ್ತಿದ್ದೆ. ಒಳಗಿನ ಬಿಸಿ ಪದರಕ್ಕೆ ಕವೆಗೋಲು ಹಾಕಿದಾಗ ಗಂಜಲದ ಘಾಟು ಒಮ್ಮೆಲೇ ಮೇಲೆದ್ದು ಅವಳ ಕಣ್ಣಿಗೆ ಹೊಡೆಯಿತು. ಗಾಳಿ ಪೂರ್ವದಿಂದ ಬೀಸುತ್ತಿತ್ತು. ಒಳ್ಳೆ ಗಾಳಿ ಬೇಕೆಂದು ಅವಳು ಆ ಕಡೆಗೆ ಮುಖ ತಿರುಗಿಸಿ, ಕಣ್ಣಿನ ಮೇಲೆ ಕೈ ಅಡ್ಡ ಹಿಡಿದು, ಕಣ್ಣು ಮೂಗು ಒಂದಾಗಿ ನೀರು ಸುರಿಸುತ್ತ ನಿಂತಳು. ಗಾಲಿ ಮುರಿದು ಕಮ್ಮಾರನ ಮುಂದೆ ನಿಂತಿದ್ದ ಬಾಡಿಗೆ ಗಾಡಿಯಿಂದ ಒಬ್ಬ ಎಳೆಯ ಮನುಷ್ಯ ಇಳಿದು, ಅವಳನ್ನು ನೋಡಿ, ಕೈಯಲ್ಲಿದ್ದ ಟೋಪಿಯನ್ನು ಎದೆಗೆ ಒತ್ತಿಕೊಂಡ. ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಸಾಕಾಗಿತ್ತು.

ಅವನೇ ಮೊಸ್ಯು ದ ಮಾರ್ಸೋಲ್. ಮರುವರ್ಷ ಅವನ ಕಾದಂಬರಿ ಬಂತು. ಅದರಲ್ಲಿ ಮಾರ್ವೆಕೂರಿನ ಒಬ್ಬ ಹೆಣ್ಣು ಸಂಜೆಗಾಳಿಯಲ್ಲಿ ಪೂರ್ವಕ್ಕೆ ಮುಖ ಮಾಡಿ, ಸೆರೆಯಾದ ಸೋದರಿಯರಿಗಾಗಿ ಮೌನವಾಗಿ ಕಣ್ಣೀರಿಡುತ್ತಾಳೆ. ಮನೆಯ ಗುರುತು, ಬಾಗಿಲ ಪಕ್ಕದ ವಾಲ್‌ನಟ್ ಮರ, ತಲೆಗೆ ಕಟ್ಟಿದ ವಸ್ತ್ರ ಎಲ್ಲ ಇತ್ತು. ತಿಪ್ಪೆಯೊಂದು ಬಿಟ್ಟುಹೋಗಿತ್ತು. ಅಷ್ಟು ದೊಡ್ಡ ತಿಪ್ಪೆ ಕಾಣದ ಕಣ್ಣಿಗೆ ಅಷ್ಟು ಸಣ್ಣ ಹನಿ ಹೇಗೆ ಕಂಡಿತೋ ದೇವರೇ ಬಲ್ಲ. ಪುಸ್ತಕ ದೇಶವೆಲ್ಲ ಓಡಿತು. ಆ ಪುಟ ಶಾಲೆಯ ಪಾಠಕ್ಕೆ ಸೇರಿತು. ನಮ್ಮ ಮೇಷ್ಟ್ರು ಲಿಬೇರಳನ್ನು ಕಂಡರೆ ಟೋಪಿ ಎತ್ತತೊಡಗಿದರು, ಪಾದ್ರಿಗಳು ಇಗರ್ಜಿಯಲ್ಲಿ ಮುಂದಿನ ಬೆಂಚು ತೋರಿಸಿದರು.

"ನೀನು ಅತ್ತಿದ್ದು ಯಾವಾಗಲೇ?" ಎಂದು ನಾನು ಕೇಳಿದೆ.

"ಸುಮ್ನಿರೇ ಝೆಲಿ. ಅವ್ರಿಗೆ ಖುಷಿಯಾಗೋದಾದ್ರೆ ಆಗ್ಲಿ ಬಿಡು. ನಂದೇನು ಗಂಟು ಹೋಗುತ್ತೆ?"

ಅವಳಿಗೂ ಖುಷಿಯಾಗಿತ್ತು. ಸಗಣಿಯಲ್ಲಿ ಮೊಣಕೈವರೆಗೆ ಮುಳುಗಿದ ಹೆಂಗಸಿಗೆ ಮೇಷ್ಟ್ರು ಟೋಪಿ ಎತ್ತಿದರೆ ಯಾರಿಗೆ ಬೇಡ? ನನಗೆ ಎತ್ತಿದ್ದರೆ ನಾನೂ ಬೇಡ ಅನ್ನುತ್ತಿರಲಿಲ್ಲ.

ಆದರೆ ಅವಳಿಗೆ ಒಬ್ಬ ಮಗ ಹುಟ್ಟಿದ. ಮಾನ್ಸುಯಿ. ಶಾಲೆಗೆ ಹೋದ, ಆ ಪುಟವನ್ನು ಬಾಯಿಪಾಠ ಮಾಡಿದ, ಮನೆಗೆ ಬಂದು ಹಿಟ್ಟು ನಾದುತ್ತಿದ್ದ ತಾಯಿಯ ಮುಂದೆ ನಿಂತು ಪೂರ್ತಿ ಒಪ್ಪಿಸಿ, "ಅಮ್ಮಾ, ಇದು ನೀನೇ ಅಲ್ವಾ?" ಎಂದು ಕೇಳಿದ. ಇದನ್ನು ಅವಳೇ ನನಗೆ ಹೇಳಿದ್ದು, ಬಹಳ ವರ್ಷದ ಮೇಲೆ. "ನಿಜ ಬಾಯಿಗೆ ಬಂದಿತ್ತು ಝೆಲಿ. ಆದ್ರೆ ಅವ್ನು ನನ್ನ ಹಂಗೆ ನೋಡ್ತಿದ್ದ, ನಾನೇನೋ ಮಾತೆ ಮರಿಯಮ್ಮ ಅನ್ನೋ ಹಂಗೆ. ನುಂಗ್ಕೊಂಡ್‌ಬಿಟ್ಟೆ. ಹೂಂ ಅಂದೆ."

ಆ ಹೂಂ ಅವನ ತಲೆಯಲ್ಲಿ ಬೇರುಬಿಟ್ಟಿತು. ವಯಸ್ಸು ತುಂಬುವುದನ್ನೇ ಕಾಯುತ್ತಿದ್ದವನು, ಹದಿನಾಲ್ಕರ ದೊಡ್ಡ ಯುದ್ಧಕ್ಕೆ ಒಂದು ವರ್ಷ ಮೊದಲೇ, ಯಾರೂ ಕರೆಯದಿದ್ದರೂ ಹೋಗಿ ಸೇನೆಗೆ ಹೆಸರು ಕೊಟ್ಟ. ಅಪ್ಪ ಬೇಡವೆಂದ, ಬೈದ, ಕುದುರೆ ನೋಡಿಕೊಳ್ಳಲು ಆಳಿಲ್ಲ ಎಂದ. ಅವನು ತಾಯಿಯ ಕಡೆ ತಿರುಗಿ ನಕ್ಕ. ಯುದ್ಧ ಶುರುವಾದ ತಿಂಗಳೇ ಕೆಂಪು ಷರಾಯಿ ತೊಡಿಸಿ ಆ ಹುಡುಗರನ್ನು ಹೊಳೆ ದಾಟಿಸಿದರು. ಬಾರ್ಬ್ ಅತ್ತೆಯ ಊರಿನ ಓಟ್ಸ್ ಹೊಲದಲ್ಲಿ ಮಾನ್ಸುಯಿ ಸತ್ತ. ಹೆಣ ಗುರುತು ಹಿಡಿದವಳು ಬಾರ್ಬ್ ಅತ್ತೆಯೇ, ಆ ಸೆರೆಯಾದ ಸೋದರಿ. ತನ್ನ ಒಳ್ಳೆಯ ಹಾಸಿಗೆ ವಸ್ತ್ರದಲ್ಲಿ ಸುತ್ತಿ ಮಣ್ಣು ಮಾಡಿಸಿದಳು.

ದ ಮಾರ್ಸೋಲ್ ಆ ನಾಲ್ಕು ವರ್ಷವೂ ಪ್ಯಾರಿಸ್ಸಿನಲ್ಲಿ ಕೂತು ದಿನಪತ್ರಿಕೆಯಲ್ಲಿ ಹುರಿದುಂಬಿಸುತ್ತಿದ್ದ. ನಮ್ಮೂರು ಎರಡು ಕಡೆಯ ಗುಂಡಿಗೂ ಸಿಕ್ಕಿ ನೆಲಸಮವಾಯಿತು. ಜರ್ಮನರು ಒಳಗಿದ್ದಾಗ ಹೊಡೆದವರು ನಮ್ಮವರೇ, ಚೆನ್ನಾಗಿಯೇ ಹೊಡೆದರು. ನಾವು ಎಲ್ಲೆಲ್ಲೋ ಪರಸ್ಥಳದ ಕೊಟ್ಟಿಗೆಗಳಲ್ಲಿ ಮಲಗಿದೆವು. ಲಿಬೇರಳ ಗಂಡ ಅಲ್ಲೇ ಎದೆರೋಗದಿಂದ ಹೋದ. ಯುದ್ಧ ಮುಗಿದು ಹಿಂದಿರುಗಿದಾಗ ವಾಲ್‌ನಟ್ ಮರದ ಬುಡವೂ ಇರಲಿಲ್ಲ. ಹೊಲದ ಮೇಲ್ಮಣ್ಣು ಅಡಿಗೆ ಹೋಗಿ ಅಡಿಯ ಬಿಳಿಜೇಡಿ ಮೇಲೆ ಬಂದಿತ್ತು.

ಲಿಬೇರ್ ಮೊದಲು ಎರಡು ಹಸು ತಂದಳು, ಆಮೇಲೆ ಮನೆಗೆ ಮಾಡು ಹಾಕಿಸಿದಳು. ಸರ್ಕಾರದ ನಕ್ಷೆಗಾರನೊಬ್ಬ ಬಂದು, ಹೊಸ ಊರಿನಲ್ಲಿ ತಿಪ್ಪೆಗಳು ಮನೆಯ ಹಿಂದೆ ಇರತಕ್ಕದ್ದು, ಆರೋಗ್ಯಕ್ಕೆ ಒಳ್ಳೆಯದು ಎಂದು ಬಣ್ಣದ ಪೆನ್ಸಿಲಿನಲ್ಲಿ ತೋರಿಸಿದ. ನಾಲ್ಕು ವರ್ಷ ನಮ್ಮ ತಲೆ ಮೇಲೆ ಗುಂಡು ಹಾಕುವಾಗ ಇವರಿಗೆ ನಮ್ಮ ಆರೋಗ್ಯ ನೆನಪಾಗಿರಲಿಲ್ಲ. ಅವಳು ಅವನಿಗೆ ಒಂದು ತುಂಡು ಪ್ಲಮ್ ಹಣ್ಣಿನ ಕಡುಬು ಕೊಟ್ಟು ಕಳಿಸಿ, ಮರುದಿನ ಬಾಗಿಲ ಮುಂದೆಯೇ ಗೊಬ್ಬರ ಸುರಿದಳು. ತಿಪ್ಪೆ ವರ್ಷ ವರ್ಷ ಎದ್ದಿತು, ಅಂಚಿಗೆ ಜಡೆಯೂ ಬಂತು.

ಆಗ ನಮ್ಮ ಮೇಯರ್ ಮಾಂಜೋನಿಗೆ ಒಂದು ಪ್ರತಿಮೆಯ ಹುಚ್ಚು ಹಿಡಿಯಿತು. ಯುದ್ಧದುದ್ದಕ್ಕೂ ಹಿಂದಿನ ಸಾಲಿನಲ್ಲಿ ಕಂಬಳಿ ಹಂಚುತ್ತಿದ್ದ ಮನುಷ್ಯ ಇವನು. ಕಂಬಳಿ ಹಂಚಿದವರಿಗೆ ಶೌರ್ಯದ ಮೇಲೆ ಯಾವಾಗಲೂ ಪ್ರೀತಿ ಜಾಸ್ತಿ. ಸತ್ತವರ ಹೆಸರಿನ ಕಲ್ಲು ಎಲ್ಲ ಊರಲ್ಲೂ ಇದೆ, ನಮ್ಮೂರಿಗೆ ಪುಸ್ತಕದ ಹೆಣ್ಣು ಬೇಕು, ಅದೂ ಪುಸ್ತಕದಲ್ಲಿರುವ ಜಾಗದಲ್ಲೇ ಬೇಕು ಎಂದ. ಅಂದರೆ ಲಿಬೇರಳ ಅಂಗಳದಲ್ಲಿ, ತಿಪ್ಪೆ ಇದ್ದ ಕಡೆ. ನ್ಯಾನ್ಸಿ ಪಟ್ಟಣದ ಶಿಲ್ಪಿ ಕಲ್ಲಿನಲ್ಲಿ ಕಡೆದೂ ಆಗಿತ್ತು. ತಲೆಗೆ ವಸ್ತ್ರ, ಹಣೆಗೆ ಅಡ್ಡ ಕೈ, ಪೂರ್ವಕ್ಕೆ ಮುಖ, ಕೆನ್ನೆಯ ಮೇಲೆ ಬಟಾಣಿ ಗಾತ್ರದ ಹನಿ. ಪೂರ್ವದ ಸೀಮೆ ಈಗ ವಾಪಸು ಬಂದಾಗಿದೆಯಲ್ಲ, ಇನ್ನು ಈ ಹುಡುಗಿ ಯಾರ ದಾರಿ ಕಾಯುತ್ತಾಳೆ ಎಂದು ನಾನು ಊರ ಸಭೆಯಲ್ಲಿ ಕೇಳಿದೆ. ಮಾಂಜೋ ಕಾಗದ ಮಗುಚಿ ಮುಂದಿನ ವಿಷಯಕ್ಕೆ ಹೋದ.

ಮಾಂಜೋ ಲಿಬೇರಳ ಮನೆಗೆ ಬಂದ. ಗೋಡೆಗೆ ಕಿವಿ ಕೊಡುವ ಕಷ್ಟವೇಕೆಂದು ನಾನೂ ಹೋಗಿ ಕೂತೆ.

"ತಿರಿಯೋನಮ್ಮ, ಊರಿಗೇ ಮರ್ಯಾದೆ. ಕಲ್ಲಲ್ಲಿ ನಿಲ್ತಿದೀಯ ನೀನು. ಗೊಬ್ಬರ ಹಿಂದ್ಗಡೆಗೆ ಹಾಕ್ಕೋ."

"ಆಗಲ್ಲ ಮೇಯರ್ರೇ."

"ನನ್ನ ಆಳು ಕಳಿಸ್ತೀನಿ, ಗಾಡಿ ಕಳಿಸ್ತೀನಿ."

"ನಿಮ್ಮ ಗಾಡಿಲಿ ಹೋದ ಗೊಬ್ಬರ ನಿಮ್ಮ ಹೊಲ್ದಲ್ಲೇ ಇಳಿಯುತ್ತೆ. ನೋಡಿದೀವಿ."

"ಜಾಗ ಊರಿಂದು ಕಣಮ್ಮ! ಕಾಗದ ಐತೆ!"

"ಬಳಕೆ ನಂದು. ನಮ್ಮ ಮಾವನ ತಾತನ ಕಾಲದ್ದು. ನಿಮ್ಮನೆ ಮುಂದೆ ನಿಲ್ಸ್ಕೊಳ್ಳಿ, ನಿಮ್ಮಾಕೆ ದಿನಾ ಹೂ ಹಾಕ್ಲಿ."

ಮಾಂಜೋ ಬಾಗಿಲು ಬಡಿದುಕೊಂಡು ಹೋದ. ಊರೆಲ್ಲ ಅವಳಿಗೆ ತಿಪ್ಪೆಯ ಮೇಲಿನ ಮೋಹ ಎಂದು ಆಡಿಕೊಂಡಿತು. ಪಾದ್ರಿಗಳು ಭಾನುವಾರದ ಉಪದೇಶದಲ್ಲಿ ಮಣ್ಣಿನ ವ್ಯಾಮೋಹದ ಬಗ್ಗೆ ಅರ್ಧ ಗಂಟೆ ಮಾತಾಡಿದರು. ಕ್ಲೊಟಿಲ್ದ್ ನೀರಿನ ಕಟ್ಟೆಯ ಹತ್ತಿರ ಎಲ್ಲರಿಗೂ ಕೇಳುವ ಹಾಗೆ, "ಮಗನ ಸ್ಮಾರಕಕ್ಕಿಂತ ಹಸುವಿನ ಸಗಣಿ ಹೆಚ್ಚಾಯ್ತು ನೋಡಿ ಕೆಲವರಿಗೆ" ಎಂದಳು. ನನಗೆ ಮೈಯೆಲ್ಲ ಉರಿಯಿತು. ಲಿಬೇರ್ ಬಿಂದಿಗೆ ತುಂಬಿಕೊಂಡು ಮನೆಗೆ ಬಂದಳು.

"ನಿಜ ಹೇಳೇ," ಎಂದೆ ನಾನು, "ಹಿಂದ್ಗಡೆ ಹಾಕಿದ್ರೆ ಏನು ಗಂಟು ಹೋಗುತ್ತೆ? ಅದೇ ಹಸು, ಅದೇ ಗೊಬ್ಬರ."

ಅವಳು ಬಿಂದಿಗೆ ಇಳಿಸಿ ನನ್ನನ್ನು ನೋಡಿದಳು. "ತಿಪ್ಪೆ ಎಲ್ಲಿದ್ರೂ ತಿಪ್ಪೇನೇ ಕಣೇ. ಆ ಕಲ್ಲು ಬರಬಾರ್ದು ಅಂತ ಅದನ್ನ ಅಲ್ಲಿಟ್ಟಿದೀನಿ. ಆ ಸುಳ್ಳಿಗೆ ಒಂದು ಸಲ ಹೂಂ ಅಂದೆ, ಮಗ ಹೋದ. ಈಗ ಅದು ನನ್ನ ಬಾಗ್ಲಲ್ಲೇ ನಿಂತ್ಕೊಂಡು ಬೇರೇವ್ರ ಮಕ್ಕಳನ್ನ ಕರೀಬೇಕಾ? ದಿನಾ ಬಾಗ್ಲು ತೆಗೆದ್ರೆ ಅದ್ರ ಮುಖ ನೋಡ್ಬೇಕಾ ನಾನು?"

ನಾನು ಅವಳನ್ನು ಜೀವಮಾನವಿಡೀ ಗೇಲಿ ಮಾಡಿದವಳು. ಆ ದಿನ ಅವಳ ಬಿಂದಿಗೆ ಎತ್ತಿ ಒಳಗಿಟ್ಟು ಬಂದೆ.

ಮಾಂಜೋ ಸೋಲುವ ಜಾತಿಯವನಲ್ಲ. ಪ್ಯಾರಿಸ್ಸಿಗೆ ಬರೆದು ದ ಮಾರ್ಸೋಲನನ್ನೇ ಕರೆಸಿದ. ಈಗ ಅವನು ಮುದುಕ, ಕೋಟಿನ ಮೇಲೆ ಸರ್ಕಾರ ಕೊಟ್ಟ ಬಿರುದಿನ ಕೆಂಪು ಪಟ್ಟಿ, ಬೆಳ್ಳಿ ಹಿಡಿಯ ಕೋಲು, ಬೆಣ್ಣೆ ಬಳಿದಂಥ ಧ್ವನಿ. ಲಿಬೇರಳ ಅಡಿಗೆಮನೆಗೆ ತಲೆ ಬಗ್ಗಿಸಿ ಬಂದು, ಅತ್ತಿತ್ತ ನೋಡಿ, "ಆ ಹೆಣ್ಣುಮಗಳು ಎಲ್ಲಿ?" ಎಂದು ಕೇಳಿದ.

"ನಾನೇ ಸ್ವಾಮಿ ಅದು."

ಅವನು ಅವಳ ಕೈ ನೋಡಿದ, ಹಲ್ಲು ಬಿದ್ದ ಬಾಯಿ ನೋಡಿದ, ಅಂಗಡಿಯಲ್ಲಿ ಮೋಸ ಹೋದವನ ಹಾಗೆ ಮಾಂಜೋನ ಕಡೆ ನೋಡಿದ. ಆಮೇಲೆ ಸಾವರಿಸಿಕೊಂಡು ಆ ಕೈಗೆ ಮುತ್ತಿಟ್ಟ. ಅವನ ಮುತ್ತು ಬಿದ್ದ ಜಾಗವನ್ನು ಅವಳು ಸೊಂಟಕ್ಕೆ ಕಟ್ಟಿದ ಅಡಿಗೆಬಟ್ಟೆಗೆ ಒರೆಸಿಕೊಂಡು, ಅವನಿಗೆ ಹಂದಿಕೊಬ್ಬು ಹಾಕಿದ ಮೊಟ್ಟೆಯ ಕಡುಬು ಬಡಿಸಿದಳು. ಮನೆಗೆ ಬಂದವರಿಗೆ ಬಡಿಸದೆ ಕಳಿಸುವ ರೂಢಿ ನಮ್ಮಲ್ಲಿಲ್ಲ, ಬಂದವನು ಎಂಥವನಾದರೂ.

"ತಾಯಿ, ನೀವು ಅಂದು ಅಳುತ್ತ ನಿಂತಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ," ಎಂದ ಅವನು, ತುಂಬಿದ ಬಾಯಲ್ಲೇ.

"ನಾನು ಅಳ್ಲಿಲ್ಲ ಸ್ವಾಮಿ. ತಿಪ್ಪೆ ಮಗುಚ್ತಿದ್ದೆ. ಘಾಟು ಕಣ್ಣಿಗೆ ಹೊಡೀತು. ಗಾಳಿ ಆ ಕಡೆಯಿಂದ ಬರ್ತಿತ್ತು, ಅದಕ್ಕೇ ಆ ಕಡೆ ತಿರುಗಿದೆ. ಇಗೋ, ಇವ್ಳೂ ಇದ್ಲು, ಕೇಳಿ."

"ಹುರುಳಿಕಾಯಿ ಬಿಡಿಸ್ತಿದ್ದೆ," ಎಂದೆ ನಾನು. "ನನ್ನ ಕಣ್ಣಲ್ಲೂ ನೀರು ಬಂತು. ನನ್ನ ಬಗ್ಗೆ ಯಾಕೆ ಬರೀಲಿಲ್ಲ ನೀವು?"

ಮಾಂಜೋ ಕೆಮ್ಮಿದ. ದ ಮಾರ್ಸೋಲ್ ಹೊಟ್ಟೆ ಕುಣಿಯುವ ಹಾಗೆ ನಕ್ಕ. "ಸೊಗಸು! ಆದರೆ ತಾಯಿ, ಸಾಹಿತ್ಯದ ಸತ್ಯವೇ ಬೇರೆ. ಆ ಕಣ್ಣೀರು ನಿಮ್ಮದಲ್ಲದಿದ್ದರೂ ಈ ನಾಡಿನದು."

ಲಿಬೇರ್ ಅವನ ಎದುರಿಗೆ ಕೂತಳು. ಮಗನ ವಿಷಯ ಹೇಳಿದಳು, ಬಾಯಿಪಾಠ ಒಪ್ಪಿಸಿದ್ದು, ತಾನು ಹೂಂ ಅಂದದ್ದು, ಓಟ್ಸ್ ಹೊಲ. ಧ್ವನಿ ಏರಿಸಲಿಲ್ಲ. ಅವನು ಕೈಯಲ್ಲಿದ್ದ ತುಂಡು ಕೆಳಗಿಟ್ಟು ಕೇಳಿದ. ಮನುಷ್ಯನಿಗೆ ಎಲ್ಲೋ ತಟ್ಟಿತು ಎಂದೇ ನಾನು ಅಂದುಕೊಂಡೆ, ಅಷ್ಟು ದಡ್ಡಿ ನಾನು.

"ಅವನ ಹೆಸರನ್ನು ಪೀಠದ ಮೇಲೆ ಮೊದಲನೆಯದಾಗಿ ಕೆತ್ತಿಸುತ್ತೇನೆ," ಎಂದ.

"ಎಲ್ಲಿ ಕೆತ್ತಿದ್ರೂ ಅವ್ನಿಗೆ ಓದೋಕಾಗಲ್ಲ ಸ್ವಾಮಿ. ಆ ಪುಟ ಈಗ್ಲೂ ಮಕ್ಕಳು ಓದ್ತಾವ್ರೆ. ನೀವು ಎಲ್ಲರ ಮುಂದೆ ನಿಂತ್ಕೊಂಡು ಒಂದೇ ಒಂದು ಮಾತು ಹೇಳಿ. ಇವ್ಳು ಅಳ್ಲಿಲ್ಲ, ಗೊಬ್ಬರದ ಘಾಟು ಅಂತ. ನಿಮ್ಮ ಬಾಯಲ್ಲಿ ಬಂದ್ರೆ ನಂಬ್ತಾರೆ. ಅಷ್ಟು ಹೇಳ್ತೀನಿ ಅಂದ್ರೆ ಜಾಗ ನಾನೇ ಖಾಲಿ ಮಾಡಿಕೊಡ್ತೀನಿ. ಕಲ್ಲು ನಿಂತ್ಕೊಳ್ಳಲಿ."

ದ ಮಾರ್ಸೋಲ್ ಎದ್ದು ನಿಂತು ಎದೆಯ ಮೇಲೆ ಕೈಯಿಟ್ಟ. "ನನ್ನ ಮಾನದ ಮೇಲೆ ಆಣೆ. ನೀವು ಹೇಳಿದ್ದನ್ನು ಹಾಗೆಯೇ ಹೇಳುತ್ತೇನೆ."

ಅವರು ಹೋದ ಮೇಲೆ ನಾನು ಜಗಳಕ್ಕೇ ನಿಂತೆ. "ನಂಬ್ತೀಯೇನೇ ಅವ್ನನ್ನ? ತಿಪ್ಪೆ ಮಾಯ ಮಾಡೋದ್ರಲ್ಲಿ ಹೆಸರು ಮಾಡಿದೋನು ಅವ್ನು!"

"ಆಣೆ ಹಾಕವ್ನೆ ಝೆಲಿ. ಅಷ್ಟು ದೊಡ್ಡ ಮನುಷ್ಯ ಊರ ಮುಂದೆ ಮಾತು ತಪ್ತಾನಾ?"

ಮರುದಿನದಿಂದ ಅವಳು ಒಂಟಿಗಾಲಿ ತಳ್ಳುಗಾಡಿಯಲ್ಲಿ ಗೊಬ್ಬರವನ್ನು ಹಿತ್ತಿಲಿಗೆ ಸಾಗಿಸತೊಡಗಿದಳು. ಮಾಂಜೋ ಕಳಿಸಿದ ಆಳನ್ನು ವಾಪಸು ಅಟ್ಟಿದಳು. ಹೆಣೆದ ಜಡೆಗಳನ್ನು ಒಂದೊಂದಾಗಿ ಬಿಚ್ಚಿದಳು. ನಾನು ಬೈದುಕೊಂಡೇ ಹೋಗಿ ಕವೆಗೋಲು ಹಿಡಿದೆ. ತಿಪ್ಪೆ ಇದ್ದ ಜಾಗ ಕಪ್ಪಗೆ, ಒದ್ದೆಯಾಗಿ, ಹಬೆಯಾಡುತ್ತ ಉಳಿಯಿತು. ಮೇಲೆ ಜಲ್ಲಿ ಸುರಿದು ಪೀಠ ಕಟ್ಟಿದರು.

ಅನಾವರಣದ ದಿನ ಊರು ತುಂಬಿತ್ತು. ಜಿಲ್ಲೆಯ ಸರ್ಕಾರಿ ಅಧಿಕಾರಿ ಉಪಪ್ರಿಫೆಕ್ಟರು ಬಂದರು, ಪದಕ ತೂಗಿಸಿಕೊಂಡ ಮಾಜಿ ಸಿಪಾಯಿಗಳು ಬಂದರು, ತುತ್ತೂರಿಯವರು ಬಂದರು. ಆ ವರ್ಷ ಸೇನೆಯ ಕಡ್ಡಾಯ ಸೇವೆಗೆ ಹೋಗಬೇಕಾದ ಹುಡುಗರು ನಮ್ಮ ಕಡೆಯ ಪದ್ಧತಿಯಂತೆ ಟೋಪಿಗೆ ಮೂರು ಬಣ್ಣದ ರಿಬ್ಬನ್ ಸಿಕ್ಕಿಸಿಕೊಂಡು, ಬೆಳಗಿನಿಂದಲೇ ಒಂದಿಷ್ಟು ಕುಡಿದು, ಸಾಲಾಗಿ ನಿಂತಿದ್ದರು. ಸಾಲಿನ ತುದಿಯಲ್ಲಿ ಮಾಂಜೋ ದಂಪತಿಗಳ ಒಬ್ಬನೇ ಮಗ ಅನ್ಸೆಲ್ಮ್. ಹೊಸ ಹ್ಯಾಟಿನ ಕ್ಲೊಟಿಲ್ದ್ ಮೊದಲ ಸಾಲಿನ ಕುರ್ಚಿಯಲ್ಲಿ. ಲಿಬೇರಳನ್ನು ಪೀಠದ ಪಕ್ಕದಲ್ಲೇ ನಿಲ್ಲಿಸಿದ್ದರು, ಕಪ್ಪು ಉಡುಪಿನಲ್ಲಿ. ಕಲ್ಲಿಗೆ ಹೊದಿಸಿದ್ದ ಬಾವುಟ ಎಳೆದರು, ಕಲ್ಲಿನ ಹುಡುಗಿ ಕಂಡಳು, ಎಲ್ಲರೂ ಆಹಾ ಎಂದರು. ಆ ಮೂತಿಗೂ ನಮ್ಮ ಲಿಬೇರಳಿಗೂ ಯಾವ ಸಂಬಂಧವೂ ಇರಲಿಲ್ಲ.

ದ ಮಾರ್ಸೋಲ್ ಮಾತಾಡಲು ನಿಂತ. ರಕ್ತ, ಮಣ್ಣು, ಗೋಧಿ, ಗಂಟೆಯ ನಾದ, ಎಲ್ಲ ಬಂದು ಹೋಯಿತು. ಲಿಬೇರ್ ಅವನ ಬಾಯಿಯನ್ನೇ ನೋಡುತ್ತಿದ್ದಳು. ಕೊನೆಗೆ ಅವನು ಧ್ವನಿ ತಗ್ಗಿಸಿದ.

"ಮಹನೀಯರೆ, ಈ ತಾಯಿಗೆ ನಾನೊಂದು ಮಾತು ಕೊಟ್ಟಿದ್ದೇನೆ. ನಡೆಸುತ್ತೇನೆ. ತಾನು ಅಂದು ಅಳಲಿಲ್ಲ ಎಂದು ಹೇಳಬೇಕೆಂದು ಆಕೆ ನನ್ನನ್ನು ಬೇಡಿಕೊಂಡಳು. ಅದು ಬರೀ ಗೊಬ್ಬರದ ಘಾಟು ಎಂದು ಹೇಳಬೇಕೆಂದಳು." ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಲಿಬೇರಳ ಮುಖ ಹಗುರಾಯಿತು. ನಾನು ಕಂಡೆ, ಎಷ್ಟೋ ವರ್ಷದ ಮೇಲೆ ಅವಳು ಪೂರ್ತಿ ಉಸಿರು ತೆಗೆದುಕೊಂಡಳು. ಅವನು ಕೈ ಎತ್ತಿದ. "ನಗಬೇಡಿ! ಮಗನನ್ನು ನಾಡಿಗೆ ಕೊಟ್ಟ ತಾಯಿ ತನ್ನ ಕಣ್ಣೀರನ್ನೂ ಮುಚ್ಚಿಡುತ್ತಾಳೆ! ಘಾಟು ಎನ್ನುತ್ತಾಳೆ! ಹೊಗಳಿಕೆ ಬೇಡ ಎನ್ನುತ್ತಾಳೆ! ಇದಲ್ಲವೇ ಲೊರೇನ್? ಇದಕ್ಕಿಂತ ದೊಡ್ಡದನ್ನು ನಾನು ನನ್ನ ಪುಸ್ತಕದಲ್ಲಿ ಬರೆಯಲಾರದೆ ಹೋದೆ!"

ಚಪ್ಪಾಳೆ ಎಂದರೆ ಅಂಥ ಚಪ್ಪಾಳೆ. ಮಾಜಿ ಸಿಪಾಯಿಗಳು ಗಳಗಳ ಅತ್ತರು. ಅವನು ಮಾತಿಗೆ ತಪ್ಪಿರಲಿಲ್ಲ. ಒಂದು ಅಕ್ಷರ ಬಿಡದೆ ಹೇಳಿದ್ದ, ಹೇಳಿಯೇ ಕೊಂದಿದ್ದ. ಇಂಥ ಪಾಪಿಗಳಿಗೆ ನರಕದಲ್ಲೂ ಮುಂದಿನ ಬೆಂಚೇ ಸಿಗುತ್ತದೆ.

"ಅಲ್ಲ!" ಎಂದು ಲಿಬೇರ್ ಕೂಗಿದಳು. "ನಿಜವಾಗ್ಲೂ ಘಾಟು ಕಣ್ರಯ್ಯಾ! ನಾನು ಅಳ್ಲಿಲ್ಲ!"

ಚಪ್ಪಾಳೆ ಇಮ್ಮಡಿಯಾಯಿತು.

"ಗೊಬ್ಬರ! ಗೊಬ್ಬರದ ಘಾಟು! ಝೆಲಿ, ಹೇಳೇ!"

"ಹೌದು ಕಣ್ರೋ, ಗೊಬ್ಬರ!" ಎಂದು ನಾನೂ ಗಂಟಲು ಹರಿಯುವಂತೆ ಕಿರುಚಿದೆ. ಪಕ್ಕದೂರಿನ ಹೆಂಗಸೊಬ್ಬಳು ನನ್ನ ಭುಜ ತಟ್ಟಿ, "ಎಂಥಾ ಗೆಳತಿ!" ಎಂದು ಕಣ್ಣೊರೆಸಿಕೊಂಡಳು. ಉಪಪ್ರಿಫೆಕ್ಟರು ಕನ್ನಡಕ ತೆಗೆದು ಉಜ್ಜುತ್ತಿದ್ದರು. ಅವಳು ಇಲ್ಲ ಎಂದಷ್ಟೂ ಜನ ಹೌದು ಎಂದು ಅಳುತ್ತಿದ್ದರು. ಲಿಬೇರ್ ಪೀಠಕ್ಕೆ ಬೆನ್ನು ಆನಿಸಿದಳು. ಎರಡು ಕೈಯೂ ಜೋತುಬಿದ್ದವು.

ಅಷ್ಟರಲ್ಲಿ ಸಾಲು ಮುರಿದು ಅನ್ಸೆಲ್ಮ್ ಬಂದ. ಕೆನ್ನೆ ತೊಯ್ದಿತ್ತು, ರಿಬ್ಬನ್ ಓರೆಯಾಗಿತ್ತು, ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲ. ಅವಳ ಮುಂದೆ ಒಂದು ಮೊಣಕಾಲೂರಿ ಕೈ ಹಿಡಿದುಕೊಂಡ.

"ತಿರಿಯೋನಮ್ಮ, ನಿಮ್ಮ ಕಣ್ಣೀರಿಗೆ ನಾವಿದೀವಿ. ಒಂದು ಮಾತು ಹೇಳಿ ಸಾಕು, ಎಲ್ಲಿಗೆ ಬೇಕಾದ್ರೂ ಹೋಗ್ತೀವಿ. ಇವತ್ತೇ ಹೋಗ್ತೀವಿ."

ಲಿಬೇರ್ ಅವನನ್ನು ನೋಡಿದಳು. ಹಿಡಿದ ಕೈ ಬಿಡಿಸಿಕೊಂಡು, ಅದೇ ಕೈಯಿಂದ ಅವನ ಕೆನ್ನೆಗೆ ಬಾರಿಸಿದಳು. ನಲವತ್ತು ವರ್ಷ ಕವೆಗೋಲು ಹಿಡಿದ ಕೈ ಅದು. ಟೋಪಿ ಹಾರಿ ಪೀಠದ ಮೇಲೆ ಬಿತ್ತು, ಹುಡುಗ ಜಲ್ಲಿಯ ಮೇಲೆ ಕೂತುಬಿಟ್ಟ.

"ಎದ್ದು ಮನೆಗೆ ಹೋಗೋ," ಎಂದಳು. "ಹೋಗಿ ನಿಮ್ಮಮ್ಮನ ಕೊಟ್ಟಿಗೆ ಸಗಣಿ ಬಾಚು. ಯಾರ ಕಣ್ಣೀರಿಗೂ ಎಲ್ಲಿಗೂ ಹೋಗ್ಬೇಡ."

ತುತ್ತೂರಿ ನಿಂತಿತು. ದ ಮಾರ್ಸೋಲ್ ಕೋಲು ಊರಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ. ಮಾಂಜೋ ಕೆಂಪಾಗಿ, "ಮೇಯರ್ ಮಗನ ಮೇಲೆ ಕೈ ಮಾಡ್ತೀಯಾ!" ಎಂದು ನುಗ್ಗಿದ. ಕ್ಲೊಟಿಲ್ದ್ ಕುರ್ಚಿ ಒದ್ದು ಎದ್ದಳು, ಗಂಡನನ್ನು ಮೊಣಕೈಯಿಂದ ತಳ್ಳಿ ಮುಂದೆ ಬಂದಳು. ಇವತ್ತು ಇಬ್ಬರೂ ಕೂದಲು ಹಿಡಿದುಕೊಳ್ಳುತ್ತಾರೆ ಎಂದು ನಾನು ತೋಳು ಏರಿಸಿದೆ. ಅವಳು ಲಿಬೇರಳ ಎದುರಿಗೆ ಬಂದು ನಿಂತಳು. ಹೊಸ ಹ್ಯಾಟು ಕಿವಿಯ ಮೇಲೆ ಜಾರಿತ್ತು. ಕೆಳಗೆ ಕೂತಿದ್ದ ಮಗನನ್ನು ನೋಡಿದಳು, ಪೀಠದ ಮೇಲೆ ಬಿದ್ದಿದ್ದ ಅವನ ಟೋಪಿಯನ್ನು ನೋಡಿದಳು.

"ಲಿಬೇರ್," ಎಂದಳು, "ಆ ಕೆನ್ನೆಗೂ ಒಂದು ಹಾಕು."